ಬಾಳೆದಿಂಡಿನ ಸಾರು

ತೀರ್ಥಹಳ್ಳಿಯ ಕೊನೇ ಬಸ್ಸು
ಹೋದಮೇಲೆ ಹಸಿವಾಯಿತು.
ಶಿವಮೊಗ್ಗ ಸ್ಟ್ಯಾಂಡಿನ ಹಿಂದೆ, ಪಂಕ್ಚರ್ ಅಂಗಡಿಗೊರಗಿ
ಒಂದು ತಳ್ಳುಗಾಡಿ: ‘ಬರ್ಮಾ ಅತ್ತೋ’.
ಯಾರ ಅತ್ತೆಯೋ ಅಂದುಕೊಂಡೆ.

ಪೂಂಗಾವನಮ್ಮ ಕೇಸರಿ ನೂಡಲ್ಸಿಗೆ
ಹಸಿ ಕೋಸು, ಹುಣಸೆನೀರು, ಕರಿದ ಈರುಳ್ಳಿ ಸುರಿದು
ಬರಿಗೈಲಿ ಕಲಸಿದಳು,
ಚಿತ್ರಾನ್ನ ಕಲಸುವ ಹಾಗೆ, ಅವಸರವಿಲ್ಲದೆ.

ರಂಗೂನು ಬಿಟ್ಟಾಗ ಮೂರು ವರ್ಷವಂತೆ.
ಹಡಗಲ್ಲಿ ವಾಂತಿಯಾದದ್ದು ನೆನಪಿದೆ,
ಊರು ನೆನಪಿಲ್ಲ.
ಆ ಭಾಷೆಯಲ್ಲಿ ಉಳಿದದ್ದು ಒಂದೇ ಮಾತು:
‘ಸಾ ಪೀ ಬೀ ಲಾ?’
ಊಟ ಆಯ್ತಾ, ಅಂತ.

ಇಲ್ಲ, ಅಂದೆ.

ದಿಂಡು ಹೆಚ್ಚುತ್ತ, ಬಿಲ್ಲೆಬಿಲ್ಲೆಗೂ
ಎಳೆಯೆಳೆಯಾಗಿ ಬರುವ ನಾರನ್ನು
ತೋರುಬೆರಳಿಗೆ ಸುತ್ತಿಕೊಂಡಳು.
ಅರೆ, ಇದು ನಮ್ಮ ಚಿಕ್ಕಮ್ಮನ ಬೆರಳು!

ಸಾರಲ್ಲಿ ಮಾತ್ರ ಬೆಳ್ಳುಳ್ಳಿ.
ನಮ್ಮನೆ ಹೊಸ್ತಿಲು ಅದು ದಾಟಿದ್ದಿಲ್ಲ.
ಎರಡು ಬಟ್ಟಲು ಕುಡಿದೆ.