ಅನುಬಂಧ ಬಿ

‘ಬಾಡಿಗೆದಾರರು ತೆಗೆದೊಯ್ಯಬಹುದಾದ ಸ್ವತ್ತು ಎಂದರೆ
ಅನುಬಂಧ ಬಿಯಲ್ಲಿ ಕಾಣಿಸಿದ ವಸ್ತುಗಳು.’
ಸಾಲು ನನ್ನದೇ. ಇಪ್ಪತ್ತೆರಡು ವರ್ಷದ ಹಿಂದೆ
ಒಂದು ಶುಕ್ರವಾರ ಸಂಜೆ, ಮನೆಗೆ ಹೊರಟು ನಿಂತು,
ಕೋಟು ತೊಟ್ಟುಕೊಂಡೇ ಬರೆಸಿದ್ದು.
ಅನುಬಂಧ ಬಿ ತೆಗೆದು ನೋಡಿದರೆ
ಹಾಳೆಯ ನಡುವೆ ಎರಡೇ ಪದ:
ಮುಂದೆ ಲಗತ್ತಿಸಲಾಗುವುದು.

ಆ ಮುಂದೆ ಇವತ್ತು ಬಂದಿದೆ.

ಫಾಲ್ ರಿವರಿನಲ್ಲಿ ಫೆಬ್ರವರಿ. ಬೀದಿಯಂಚಿನ ಹಿಮಕ್ಕೆ ಹೊಗೆಯ ಬಣ್ಣ.
ಬೇಕರಿಯಲ್ಲಿ ಬೆಂಕಿ ಆರಿ ಮೂರು ದಿನ,
ಹಿಂದಿನ ಗೋಡೆ ಮಾತ್ರ ಇನ್ನೂ ಉಗುರುಬೆಚ್ಚಗೆ.
ಕಟ್ಟಡದ ಒಡೆಯ ನಾರ್ಮನ್ ತೀಬೋ ಕೈಯಲ್ಲಿ ಟಾರ್ಚು,
ದಿಯೊಲಿಂಡಾ ಫುರ್ತಾದೊ ಕೈಯಲ್ಲಿ ಸ್ಪ್ಯಾನರು,
ನಡುವೆ ನಾನು, ತೀಬೋನ ವಕೀಲ, ಕೈಯಲ್ಲಿ ಬಿಳಿ ಹಾಳೆ.

ಹಿಟ್ಟು ನಾದುವ ಯಂತ್ರ.
ನಾಲ್ಕು ಬೋಲ್ಟು ಹಾಕಿ ನೆಲಕ್ಕೆ ಬಿಗಿದದ್ದು.
‘ಬಿಗಿದದ್ದೆಲ್ಲ ಕಟ್ಟಡದ್ದು’ ಎಂದ ತೀಬೋ.
‘ಹಾಗಾದರೆ ನನ್ನ ಗಂಡನೂ ನಿನ್ನವನೇ,
ಬದುಕಿರುವ ತನಕ ಇದರ ಪಕ್ಕ ಬಿಟ್ಟು ಕದಲಲಿಲ್ಲ.’

ನಾನು ಕಾನೂನು ಹೇಳಿದೆ.
ವ್ಯಾಪಾರಕ್ಕೆಂದು ತಂದದ್ದು, ಬಾಡಿಗೆದಾರರೇ ಕೂರಿಸಿದ್ದು,
ಕಿತ್ತರೆ ಕಟ್ಟಡಕ್ಕೆ ಹಾನಿಯಾಗದ್ದು ಅವರದ್ದು.
ಕೀಳದೆ ಹೋದರೋ,
ಅವಧಿ ಮುಗಿದ ಮಧ್ಯರಾತ್ರಿಯಿಂದ ಇವರದ್ದು.
ಹಾನಿ ಎಂದರೆ ಎಷ್ಟು?
ಹೆಬ್ಬೆರಳು ಹೋಗುವಷ್ಟು ತೂತೇ, ಮುಷ್ಟಿ ಹೋಗುವಷ್ಟೇ?
ಅದನ್ನೂ ನಾನು ಬರೆದಿರಲಿಲ್ಲ.

ಯಂತ್ರ: ಅವಳದ್ದು. ತೂತು ಮುಚ್ಚುವ ಹೊಣೆಯೂ ಅವಳದ್ದೇ.
ಹೊಗೆಯ ಕೊಳವೆ: ಚಾವಣಿ ಸೀಳಿಕೊಂಡು ಹೋಗಿದೆ, ಅವನದ್ದು.
ತಟ್ಟೆಗಳು, ಮರದ ಹಲಗೆ, ತಕ್ಕಡಿ: ಯಾರೂ ತಕರಾರು ಎತ್ತಲಿಲ್ಲ.
ಬಾಗಿಲ ಗಂಟೆ?
ತೀಬೋ ಬಾಯಿ ತೆರೆದು ಮತ್ತೆ ಮುಚ್ಚಿದ.
ಗಂಟೆಯನ್ನು ಹೊತ್ತ ಮೊಳೆ ಅವನಪ್ಪ ಹೊಡೆದದ್ದಂತೆ.
ಮೊಳೆ ಅವನದ್ದು, ಗಂಟೆ ಅವಳದ್ದು ಎಂದು ಬರೆದೆ.
ಮೂವತ್ತು ವರ್ಷದ ವಕೀಲಿಯಲ್ಲಿ ಇಂಥ ವಾಕ್ಯ ಬರೆದಿರಲಿಲ್ಲ.

ಒಲೆಯ ಮುಂದೆ ಮೂವರೂ ನಿಂತೆವು.
ಕೆಡವಿದ ನೂಲಿನ ಗಿರಣಿಯ ಇಟ್ಟಿಗೆ,
ಹನ್ನೊಂದು ಸಲ ಹೇರಿ ತಂದು
ಅವಳ ಗಂಡ ಒಬ್ಬನೇ ಕಟ್ಟಿದ್ದು.
ಕಿತ್ತರೆ ಕೈಗೆ ಸಿಗುವುದು ಇಟ್ಟಿಗೆ, ಒಲೆಯಲ್ಲ.
ಇದು ಇಲ್ಲಿಯೇ ಇರಲಿ ಎಂದು ಅವಳೇ ಅಂದಳು,
ಮಸಿ ಹಿಡಿದ ಕಮಾನಿನ ಮೇಲೆ ಒಮ್ಮೆ ಕೈಯಾಡಿಸಿ.

ಆಗ ತೀಬೋ ಕೆಮ್ಮಿದ.
ಬರಲಿರುವವನು ಮೊಬೈಲ್ ಮಾರುವವನು,
ಒಲೆ ತನಗೆ ಬೇಡ, ಒಡೆದು ಹಾಕಿಯೇ ಹೋಗಬೇಕು,
ಖರ್ಚು ಅವಳದ್ದು.

ಬೆಳಗಿನಿಂದ ಎಲ್ಲವೂ ತನ್ನದೆಂದವನು!
ಕಾಗದ ತಿರುವಿದೆ, ಮುಂದಕ್ಕೆ, ಹಿಂದಕ್ಕೆ.
ಬೇಕಾದದ್ದು ಯಾರದ್ದೆಂಬುದಕ್ಕೆ ಹದಿನಾಲ್ಕು ಸಾಲು,
ಬೇಡದ್ದು ಯಾರದ್ದೆಂಬುದಕ್ಕೆ ಒಂದೂ ಇಲ್ಲ.
ನನಗೆ ಫೀಸು ಕೊಡುವವನ ಮುಖ ನೋಡದೆ ಹೇಳಿದೆ,
‘ಬಿಗಿದದ್ದೆಲ್ಲ ಕಟ್ಟಡದ್ದು ಅಂತ ನೀವೇ ಅಂದಿರಿ.’
ಒಲೆ: ಅವನದ್ದು.

ಅಷ್ಟರಲ್ಲಿ ಅವಳು ಮುಂಬಾಗಿಲಿಗೆ ಹೋಗಿದ್ದಳು.
ಗಾಜಿನ ಒಳಮೈಗೆ ಬಂಗಾರದ ಬಣ್ಣದಲ್ಲಿ
ಪಾದರಿಯಾ ಫುರ್ತಾದೊ,
ನಮ್ಮ ಕಡೆಯಿಂದ ತಿರುಗುಮುರುಗು.
‘ಗಾಜು ನಿನ್ನದು’ ಎಂದಳು,
ಹಿಟ್ಟು ಕತ್ತರಿಸುವ ತಗಡು ಹಿಡಿದು
ಕೊನೆಯ ಅಕ್ಷರದಿಂದ ಕೆರೆಯತೊಡಗಿದಳು.
ಉದುರಿದ ಪುಡಿಯನ್ನು ರೊಟ್ಟಿಯ ಚೀಲದಲ್ಲಿ ಹಿಡಿದಳು.
ಹದಿನೇಳನೆಯ ಬಾಬು, ನನ್ನ ಕೈಬರಹದಲ್ಲಿ:
ಅಕ್ಷರಗಳು, ಪುಡಿಯಾದದ್ದು, ಒಂದು ಚೀಲ, ತೂಕ ನೋಡಿಲ್ಲ.
ತೀಬೋ ಎರಡು ಸಲ ಓದಿ ಸಹಿ ಹಾಕಿದ.

ಯಂತ್ರ ಲಾರಿ ಏರಿದ ಮೇಲೆ
ಅದೇ ತಗಡಿನಿಂದ ನಾಲ್ಕು ತೂತಿಗೂ ಸಿಮೆಂಟು ತುಂಬಿ,
ಅಳತೆಯ ಬಟ್ಟಲಿನ ಹಿಟ್ಟು ಸವರುವಂತೆ ಸವರಿ,
‘ನಾಳೆ ತನಕ ತುಳಿಯಬೇಡಿ’ ಎಂದು ಚೀಟಿ ಬರೆದು
ಒಲೆಯ ಬಾಯಿಗೆ ಸಿಕ್ಕಿಸಿದಳು.

ಮೊಳೆಗೆ ತೀಬೋ ಬೀಗದ ಕೈ ನೇತುಹಾಕಿದ.
ಗಂಟೆಯನ್ನು ಅವಳು ಕಾಗದದಲ್ಲಿ ಸುತ್ತಿರಲಿಲ್ಲ.
ಹಿಮದಲ್ಲಿ ಜಾರದಂತೆ ಕಾಲೂರಿ ನಡೆಯುತ್ತಿದ್ದಳು,
ಹೆಜ್ಜೆಗೊಮ್ಮೆ, ಬಸ್ ಸ್ಟಾಪಿನ ತನಕ,
ಯಾರೋ ಅಂಗಡಿಯ ಒಳಗೆ ಬಂದಂತೆ
ಸದ್ದು.