ಮೊಳಕ್ಕೊಂದು ಗಂಟು

ಅನುದಾನ ಮುಗಿದದ್ದು ಮಾರ್ಚಿ ಮೂವತ್ತೊಂದಕ್ಕೆ.
ಕಡೇ ವರದಿಗೆ ಪ್ರಿನ್ಸಿಪಾಲರ ಮೊಹರು ಬಿತ್ತು,
ಬ್ಯಾನರನ್ನು ಅಟೆಂಡರ್ ಓಬಣ್ಣ
ಸೈಕಲ್ ಸೀಟಿಗೆ ಹೊದಿಸಿಕೊಂಡ.
ಉಳಿದದ್ದು ಒಂದು ಬೀರು, ಅದರ ಬೀಗದ ಕೈ,
ಪುಸ್ತಕದಲ್ಲಿ ಇಪ್ಪತ್ತು, ಎಣಿಸಿದರೆ ಹನ್ನೊಂದು ಸಲಿಕೆ,
ಮತ್ತೆ ಮೊಳಕ್ಕೊಂದು ಗಂಟು ಹಾಕಿದ ಹಗ್ಗ.

ಹಗ್ಗ ಶಾಹಿದಾ ಬ್ಯಾಚಿನದು.
ಕಣಿವೆಹಟ್ಟಿಯ ಬಾವಿ ಹೂಳೆತ್ತಿದ ವರ್ಷ
ದುರ್ಗದ ಗುಡ್ಡದ ಮೇಲೆ ಗಾಳಿಯಂತ್ರ
ಮನಸ್ಸು ಬಂದಾಗ ತಿರುಗುತ್ತಿತ್ತು.
ಬುಟ್ಟಿ ಕೈಯಿಂದ ಕೈಗೆ ಬಂದಂತೆ
ಹವಾಯಿ ಚಪ್ಪಲಿ, ಸೊಟ್ಟಾದ ಚೊಂಬು, ಯಾರದೋ ಮೊಬೈಲು,
ಆಮೇಲೆ ಮಂಡಿಮಟ್ಟ ಕೆಸರು,
ಆಮೇಲೆ ನೀರು.
ಶನಿವಾರ ಶನಿವಾರ ಹಗ್ಗ ಇಳಿಸು,
ಒದ್ದೆಯಾದ ಗಂಟು ಎಣಿಸು, ಬರೆ.
ಅಷ್ಟೇ ನಮ್ಮ ವಿಜ್ಞಾನ.

ಶಾಹಿದಾ ಬಿ.ಎಡ್.ಗೆ ಹೋದಳು,
ಮಾರುತೇಶ ಗೊಬ್ಬರದಂಗಡಿ ಇಟ್ಟ,
ನನ್ನನ್ನು ಪರೀಕ್ಷಾ ವಿಭಾಗಕ್ಕೆ ಹಾಕಿದರು.
ಕಾಲೇಜಿನಲ್ಲಿ ಮೂರು ವರ್ಷಕ್ಕೆ ಊರೇ ಬದಲು.
ಹೊಂಗೆಗೆ ಸೆಮಿಸ್ಟರು ಗೊತ್ತಿಲ್ಲ.

ಈ ಜುಲೈನಲ್ಲಿ ಹೊಸಬರನ್ನು ಕೇಳಿದೆ, ಯಾರು ಬರ್ತೀರಿ?
"ಇಂಟರ್ನಲ್ಸ್ ಕೊಡ್ತೀರಾ ಮೇಡಂ?"
ತಪ್ಪೇನಲ್ಲ, ನಾನೂ ಕೇಳುತ್ತಿದ್ದೆ ಆ ವಯಸ್ಸಿಗೆ.
ಬಂದವರು ನಾಲ್ವರು,
ಅದರಲ್ಲೊಬ್ಬ ಕಿರಣಸ್ವಾಮಿ, ಕಿಟಕಿ ಸೀಟಿಗಾಗಿ.

ನೆಟ್ಟ ನಲವತ್ತರಲ್ಲಿ ಒಂಬತ್ತು ಕಂಡವು.
ಒಂದು ಟ್ರೀಗಾರ್ಡು ಬೋರಮ್ಮನ ಹಿತ್ತಲಲ್ಲಿ
ಕೋಳಿಗೂಡಾಗಿತ್ತು;
ದಾನಿಗಳ ಹೆಸರಿನ ತಗಡಿನ ಹಿಂದೆ
ಕಾವು ಕೂತ ಹ್ಯಾಟೆಯೊಂದು
ನಮ್ಮನ್ನು ಗುರುಗುಟ್ಟಿ ನೋಡಿತು.

"ಸಸಿ ಸತ್ತ ಮ್ಯಾಲೇ ಕಿತ್ಕಂಬಂದಿದ್ದು, ಸಿಟ್ಟಾಗ್ಬ್ಯಾಡ್ರವ್ವ.
ಹಗ್ಗ ತಂದೀರಾ?
ನನ್ ಸೀರೆ ಅಂಚು ಸವದೇ ಹೋತು."

ಬಾವಿಯ ಒಳಗೋಡೆ ತುಂಬ ಸುಣ್ಣದ ಬೊಟ್ಟು,
ಸಾಲು ಸಾಲು, ಎರಡು ವರ್ಷದ್ದು.
ನನ್ನ ನೋಟ್‌ಬುಕ್ಕಿನಲ್ಲಿ ಅಷ್ಟೂ ಪುಟ ಖಾಲಿ.
ಯಾರು ಹೇಳಿದರು ನಿನಗೆ ಅಳೆಯಲು?
"ಯಾರ್ ಹೇಳ್ಬೇಕು? ಎಷ್ಟೈತೆ ಅಂತ ಗೊತ್ತಿದ್ರೆ
ಕೊಡದ ತಾವ ಜಗಳ ಕಮ್ಮಿ.
ಶನಿವಾರ ಸಂತೆ ನಂಗೆ, ಅದ್ಕೇ ಸೋಮವಾರ."

ಹಗ್ಗ ಅವಳ ಕೈಗೆ ಕೊಟ್ಟೆ.
ಗಂಟುಗಳನ್ನು ಬೆರಳಲ್ಲಿ ತಡವಿ,
ಸಡಿಲಿದ್ದ ಎರಡನ್ನು ಬಿಚ್ಚಿ ಬಿಗಿದಳು.

ಕಿಟಕಿ ಸೀಟಿನ ಹುಡುಗ ನೋಟ್‌ಬುಕ್ಕು ಇಸಿದುಕೊಂಡ.
ಗೋಡೆಗೆ ಬಗ್ಗಿ ಒಂದೊಂದೇ ಬೊಟ್ಟು ಓದಿ
ಇಳಿಸತೊಡಗಿದ.
ಮೇಲಿದ್ದ ಶನಿವಾರವನ್ನು ಹೊಡೆದು
ಸೋಮವಾರ ಎಂದು ಬರೆದು, ತಲೆ ಕೆರೆದುಕೊಂಡ:
"ಸೋಮವಾರ ಪ್ರಾಕ್ಟಿಕಲ್ಸ್ ಐತಲ್ಲ ಮೇಡಂ?"

ಐತೆ.
ನಾಳೆ ಟೈಮ್‌ಟೇಬಲ್‌ನವರ ಹತ್ತಿರ ಜಗಳಕ್ಕೆ ಹೋಗಬೇಕು.