ಎಡ ಹೆಗಲು, ಅರ್ಧ ಇಂಚು

ರಿಟೈರಾದ ದಿನ ಸಂಘದವರು ಕೊಟ್ಟ ಕೂಪನ್ನು, ಎರಡು ಸಾವಿರದ್ದು,
ಸೂಪರ್ ಮಾರ್ಕೆಟ್ಟಿನ ಆ ಗಾಜಿನಂಗಡಿಯೊಳಗಷ್ಟೇ ನಡೀತದ.
ಇಪ್ಪತ್ತಾರು ವರ್ಷ ಖಾಕಿ ಹಾಕಿದವಗ
ಬಣ್ಣ ಆರಿಸೂದಂದ್ರ
ಹೊಸ ರೂಟಿನ ಬೋರ್ಡು ಓದಿದಂಗ.

ಒಳಗ ಹೊಕ್ಕೆ. ತಂಪು.
ಕಲಬುರಗಿಯ ಮೇ ತಿಂಗಳ ಬಿಸಿಲು
ಚಪ್ಪಲಿ ಬಿಟ್ಟಂಗ ಬಾಗಿಲದ ಹೊರಗೇ ಉಳೀತು.
'ಸೈಜ್ ಎಷ್ಟು ಸರ್?' ಅಂದ ಹುಡುಗ.
ಖರೇನ ಗೊತ್ತಿಲ್ಲ.
ಆಳಂದಕ್ಕ ಎಷ್ಟು, ಅಫಜಲಪುರಕ್ಕ ಎಷ್ಟು, ಅರ್ಧ ಟಿಕೀಟಿಗೆ ಎಷ್ಟು,
ನಿದ್ದಿಗಣ್ಣಾಗ ಹೇಳೇನು.
ನನ್ನ ಎದಿ ಎಷ್ಟು ಅನ್ನೂದು
ಬ್ರಹ್ಮಪುರದ ಪುಂಡಲೀಕ ಮಹಿಂದ್ರಕರನ ವಹಿಯೊಳಗ ಅದ,
ಅವನೊಬ್ಬನೇ ಓದೋ ಅಕ್ಷರದಾಗ.

'ನಲವತ್ತು ಬರ್ತದ' ಅಂದ ಹುಡುಗ.
ಟೇಪು ಹಿಡೀಲಿಲ್ಲ, ಮುಟ್ಟಲಿಲ್ಲ, ಕಣ್ಣಿಲೇ ಅಳದ.
ಅದೂ ಒಂಥರಾ ಹಿತ.

ಟ್ರಯಲ್ ರೂಮಿನಾಗ ಮೂರು ಕನ್ನಡಿ, ಮೂರು ಮಂದಿ ನಾವು,
ಮೂವರೂ ಎಡಕ್ಕ ಜೋತವರು.
ಚಮಡಿ ಚೀಲ ತೂಗಿದ ಹೆಗಲು
ಚೀಲ ಡಿಪೋಕ್ಕ ಕೊಟ್ಟು ಬಂದರೂ ಮ್ಯಾಲ ಏಳಲಿಲ್ಲ.
ಅಂಗಿಗೇನು ಗೊತ್ತು?
ಎರಡೂ ಹೆಗಲು ಸಮ ಇದ್ದ
ಯಾವನೋ ಒಬ್ಬನ ಸಲುವಾಗಿ ಹುಟ್ಟೇದ.
ಎಡಗಡಿ ಹೊಲಿಗಿ ಜಾರಿ ತೋಳಿನ ಮ್ಯಾಲ ಕುಂತಿತು,
ಫುಟ್‌ಬೋರ್ಡಿನ ಪ್ಯಾಸೆಂಜರನಂಗ.

ಪುಂಡಲೀಕನ ಅಂಗಿಯೊಳಗ ಇಂಥಾ ಜಾರಿಕಿ ನಾ ಕಂಡಿದ್ದಿಲ್ಲ.
ಹೆಗಲು ಇಳದದ ಅಂತ ಅವ ಬಾಯಿ ಬಿಟ್ಟು ಅಂದೂ ಇಲ್ಲ.
ಬಾಯಾಗ ಸೂಜಿ ಇದ್ದದ್ದಕ್ಕೋ, ಮರ್ಯಾದಿಗೋ.

ಹಂಗಂತ ಅವ ದೇವರಲ್ಲ.
'ನಾಳೆ' ಅಂದ್ರ ಎಂಟು ದಿನ.
ತಂಗಿ ಲಗ್ನಕ್ಕಂತ ಕೊಟ್ಟ ಅರಿವಿ
ಆಕಿ ಕೂಸಿನ ತೊಟ್ಟಿಲಕ್ಕ ಹಾಕ್ಕೊಂಡೆ.
ಉಳಿದ ತುಂಡು ಎಲ್ಲಿ ಅಂದ್ರ ಕತ್ತರಿ ತಿಂತು ಅಂದ;
ಅವನ ಮನಿ ದಿಂಬಿನ ಮ್ಯಾಲ
ನನ್ನ ಗೆರಿ ಗೆರಿ ಅಂಗಿ ಮಲಗಿದ್ದು ನಾನೇ ನೋಡೀನಿ.

ನೀಲಿ ಅಂಗಿ ತೊಗೊಂಡೆ.
ಸಾವಿರದ ಒಂಬೈನೂರಾ ತೊಂಬತ್ತೊಂಬತ್ತು.
ಉಳಿದ ಒಂದು ರೂಪಾಯಿ? ಕೂಪನ್ನಿಗೆ ಚಿಲ್ಲರ ಬರಂಗಿಲ್ಲಂತ.
ಸುಮ್ಮನಾದೆ.
ಒಂದೊಂದು ರೂಪಾಯಿ ನಾನೂ ಎಷ್ಟು ಮಂದಿಗೆ ಕೊಟ್ಟಿಲ್ಲ.

ಸಂಜಿಗೆ ಬ್ರಹ್ಮಪುರ. ಅಂಗಡಿ ಹೆಸರಿನ ಚೀಲ
ಹಳೇ ಪೇಪರಿನಾಗ ಸುತ್ತಿಕೊಂಡು ಹೋದೆ,
ಹೆಂಡರಿಗೆ ಹೇಳದೆ ಹೊಟೇಲಿನಾಗ ಉಂಡವನಂಗ.

ಪುಂಡಲೀಕ ನಗಲಿಲ್ಲ. ಹೆಸರು ಓದಲಿಲ್ಲ.
ಅಂಗಿ ತಿರುವಿ ಒಳಮೈ ಹೊರಗ ಮಾಡಿ
ದೀಪಕ್ಕ ಹಿಡದ.
'ಇಂಚಿಗೆ ಹದಿನಾಕು ಹೊಲಿಗಿ. ನನ್ನ ಕಡಿಂದ ಇಷ್ಟು ಆಗಂಗಿಲ್ಲ.'
ಆಮ್ಯಾಲ ಉಗುರಿನಿಂದ ಒಂದು ಕಡಿ ಮುಟ್ಟಿ:
'ಇಲ್ಲಿ ದಾರ ಹರದದ. ಮತ್ತ ಜೋಡಿಸ್ಯಾಳ, ನೋಡು.'

'ಆಕಿ ಅಂತ ಹೆಂಗ ಗೊತ್ತು?'

'ನನ್ನ ಅಕ್ಕನ ಮಗಳು ಇಂಥಾ ಕಾರ್ಖಾನಿದಾಗೇ ಇದ್ಳು.
ಆರು ವರ್ಷ ಬರೇ ಎಡ ತೋಳು ಹಚ್ಚ್ಯಾಳ.
ಬಲಗಡಿದು ಬ್ಯಾರೆಯಾಕಿ ಕೆಲಸ.
ಇಡೀ ಅಂಗಿ ಆಕಿ ಒಂದೂ ಹೊಲದಿಲ್ಲ.'

ಬ್ಲೇಡು ತೊಗೊಂಡು ಎಡ ಹೆಗಲ ಹೊಲಿಗಿ ಬಿಚ್ಚಲಿಕ್ಕೆ ಹತ್ತಿದ,
ಒಂದೊಂದೇ, ಸಾವಕಾಶ,
ಯಾರದೋ ಪತ್ರ ಒಡಿಯೋವನಂಗ.
ವಹಿ ತಗೀಲಿಲ್ಲ.
'ಅರ್ಧ ಇಂಚು' ಅಂದ, ತನ್ನಷ್ಟಕ್ಕ.
ಇಪ್ಪತ್ತಾರು ವರ್ಷದಾಗ ಮೊದಲನೇ ಸಲ
ಅದು ನನ್ನ ಕಿವಿಗೆ ಬಿತ್ತು.

ನಲವತ್ತು ರೂಪಾಯಿ ಕೆಲಸ. ನೂರರ ನೋಟು ಕೊಟ್ಟೆ.
ಚಿಲ್ಲರ ಇಲ್ಲ ಅಂದ.
ಅಂಗಿಗೆ ಜೋತ ಬೆಲೆಯ ಚೀಟಿ ಕತ್ತರಿಸಿ
ಹಿಂದ ಬರದ: ಮಂಗಳವಾರ. ಅರವತ್ತು ಬಾಕಿ.
ಕೆಳಗ ಒಂದು ಗೆರಿ ಎಳದ,
ಥೇಟ್ ನಾ ಟಿಕೀಟಿನ ಹಿಂದ ಎಳದಂಗ.

ಯಾವ ಮಂಗಳವಾರ ಅಂತ ಕೇಳಲಿಲ್ಲ.
ಇಳಿಯೂ ಮುಂದ ನೆನಪು ಮಾಡ್ರಿ ಅಂತ
ನಾನೂ ಭಾಳ ಮಂದಿಗೆ ಹೇಳೀನಿ.